ಮಂಡಿ ತಿಂದ ನಾಲ್ಕು ಬೆರಳು

ನ್ಯೆಂಡೊ ಸಂತೆಯಲ್ಲಿ, ಔಷಧಿ ಅಂಗಡಿಯ ಜಗಲಿಯ ಮೇಲೆ
ನನ್ನ ಹೊಲಿಗೆ ಮಿಷನ್ನು.
ಬಾಡಿಗೆ ಜಗಲಿಗೆ ಮಾತ್ರ, ನೆರಳು ಪುಕ್ಕಟೆ.
ಮಧ್ಯಾಹ್ನ ಮೂರಕ್ಕೆ ಕಯೊಂಡೊ ಬಂದ,
ಮೈಯೆಲ್ಲ ಕೆಂಪು ಧೂಳು,
ಬೈಕಿನ ಮೇಲಿಂದಲೇ ಕೇಳಿದ:
ನನ್ಸಿಕೊಂಬಿ, ಈ ಪ್ಯಾಂಟು ಉದ್ದ ಮಾಡಿಕೊಡು.

ಇಳಿ ಅಂದೆ. ಇಳಿದು ನಿಂತ.
ಅಂಚು ಹಿಮ್ಮಡಿ ಮುಟ್ಟಿತ್ತು,
ಹೆಣ್ಣು ನೋಡಲು ಹೊರಟವನ ಹಾಗೆ ಅಚ್ಚುಕಟ್ಟು.
ಹತ್ತು ಅಂದೆ. ಹತ್ತಿದ.
ಪ್ಯಾಂಟೂ ಹತ್ತಿತು.
ಕಾಲುಚೀಲದ ಬಾಯಿ ದಾಟಿ, ಬೋಳು ಚರ್ಮ ದಾಟಿ
ಮೀನಖಂಡದ ಬುಡಕ್ಕೆ ಹೋಗಿ ಕೂತಿತು.

ಟೇಪು ಹಿಡಿದೆ.
ನಿಂತಾಗ ಒಂದು ಲೆಕ್ಕ, ಕೂತಾಗ ಇನ್ನೊಂದು.
ನಡುವಿನ ನಾಲ್ಕು ಬೆರಳು ಎಲ್ಲಿ ಹೋಯಿತು?
ಮಂಡಿ ತಿಂದಿತ್ತು.
ಮಡಿಸಿದ ಯಾವ ಮಂಡಿಯಾದರೂ ತಿನ್ನುತ್ತದೆ,
ಇಗರ್ಜಿಯಲ್ಲಿ ಮೊಣಕಾಲೂರಿದವರದ್ದನ್ನೂ
ಹಿಂದಿನ ಬೆಂಚಿನಿಂದ ನೋಡಿದ್ದೇನೆ.
ಇಲ್ಲಿ ಮಂಡಿ ಬಿಟ್ಟದ್ದನ್ನು ಗಾಳಿ ಎಳೆದುಕೊಳ್ಳುತ್ತದೆ, ಅಷ್ಟೇ.

ಏನೇನು ಮಾಡಿ ನೋಡಿದೆ?
ಬಟ್ಟೆ ಒಣಹಾಕುವ ಕ್ಲಿಪ್ಪು:
ಬುಕಕಾಟ ರಸ್ತೆಯ ಮೊದಲ ಗುಂಡಿಗೇ ಹಾರಿತು.
ರಬ್ಬರ್ ಬ್ಯಾಂಡು: ಸಂಜೆ ಹೊತ್ತಿಗೆ ಪಾದ ಕೊರಡು.
ಕಾಲುಚೀಲದೊಳಗೆ ತುರುಕಿದ್ದಕ್ಕೆ
ಸ್ಟೇಜಿನ ಹುಡುಗರು ಚೆಂಡೆಲ್ಲಿ ಅಂತ ಕೇಳಿದರು.
ಪಿನ್ನಿನ ವಿಷಯ ಅವನು ಎತ್ತಲಿಲ್ಲ,
ಶೂ ನಾಲಗೆಯ ತೂತು ನನಗೆ ಕಾಣುತ್ತಿತ್ತು.

ಆಮೇಲೆ ಬಲಗಾಲು ತಿರುಗಿಸಿ ತೋರಿಸಿದ.
ಸೈಲೆನ್ಸರ್ ಮುತ್ತಿಟ್ಟ ಜಾಗ.
ಹೊಸದು, ಒದ್ದೆ ಗುಲಾಬಿ, ಸುತ್ತ ನೊಣ.
ಔಷಧಿ ಅಂಗಡಿ ಎರಡು ಹೆಜ್ಜೆಯಲ್ಲಿದೆ ಮಾರಾಯ ಅಂದೆ.
ಮುಲಾಮಿನ ದುಡ್ಡಿಗೆ ಅರ್ಧ ದಿನದ ಪೆಟ್ರೋಲು ಬರುತ್ತೆ ಅಂದ.

ನನಗೂ ಇದೆ, ಅಲ್ಲೇ, ಹಲಸಿನೆಲೆಯಷ್ಟು.
ನೋವು ಶುರುವಾದ ರಾತ್ರಿ ಒಂದೇ ಬೈಕಿನಲ್ಲಿ ಮೂವರು,
ಹಿಂದಿನಿಂದ ಅಕ್ಕ ತಬ್ಬಿ ಹಿಡಿದಿದ್ದಳು.
ಕಾಲು ಸುಟ್ಟದ್ದು ನನಗೆ ತಿಳಿಯಲೇ ಇಲ್ಲ,
ಬೆಳಗ್ಗೆ ನರ್ಸು ಕಂಡು ಬೈದಳು.
ಮಗಳಿಗೂ ಈ ಕಲೆಗೂ ಈಗ ಎಂಟು ವರ್ಷ.
ಬೈಕಿನವನು ಯಾರೋ,
ಎರಡು ಪಟ್ಟು ತಗೊಂಡ, ಅದು ನೆನಪಿದೆ.

ಹಳೇ ಟ್ಯೂಬು ಕತ್ತರಿಸಿದೆ, ಎರಡು ಬೆರಳಗಲ.
ಬಾಳೆಗೊನೆಯನ್ನು ಕ್ಯಾರಿಯರಿಗೆ ಬಿಗಿಯುವ ಅದೇ ರಬ್ಬರು.
ಅಂಚಿನೊಳಗೆ ಆಚೆಗೊಂದು ಈಚೆಗೊಂದು ಗುಂಡಿ,
ಪಟ್ಟಿ ಹಾಯುವುದು ಶೂವಿನಡಿ, ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ.
ಬಿಗಿಯಾದರೆ ಮಂಡಿ ಮಡಿಸದು.
ಸಡಿಲವಾದರೆ ಪೆಡಲಿಗೆ ಸಿಕ್ಕಿ ನಿನ್ನ ಹೆಂಡತಿ
ಕರಿಬಟ್ಟೆ ಹೊಲಿಸಲು ನನ್ನ ಹತ್ತಿರವೇ ಬಂದಾಳು ಅಂದೆ.
ನಗಲಿಲ್ಲ.
ಮಡಿಸಿಟ್ಟಿದ್ದ ಅಂಚು ಬಿಚ್ಚಿ ಎರಡು ಬೆರಳು ಇಳಿಸಿದೆ.
ಮಂಡಿಯ ಪಾಲು ಮಂಡಿಗೆ.

ಕಲುಂಗುವಿಗೆ ಒಂದು ಟ್ರಿಪ್ಪು ಹೊಡೆದು ಬಂದು ಕೊಡ್ತೀನಿ ಅಂದವನು
ಮೂರು ದಿನ ಪತ್ತೆಯಿಲ್ಲ.
ನಾಲ್ಕನೆಯ ದಿನ ಬಂದ, ಅರ್ಧ ದುಡ್ಡು,
ಬೆನ್ನಿಗೆ ಇನ್ನಿಬ್ಬರು, ತಮ್ಮ ತಮ್ಮ ಟ್ಯೂಬು ಹಿಡಿದು.
ಮುದುಕ ಕಾಲೂಲೆ ಮಾತ್ರ ದೂರ ನಿಂತು
ತನ್ನ ಗಮ್‌ಬೂಟು ತಟ್ಟಿ ತೋರಿಸಿದ.
ಬಿಸಿಲಲ್ಲಿ ಅದರೊಳಗೆ ಗಂಜಿ ಬೇಯಿಸಬಹುದು.

ತಿಂಗಳ ಮೇಲೆ ಕಯೊಂಡೊ ಮತ್ತೆ. ಪಟ್ಟಿ ಹರಿದಿದೆ.
ನೋಡಿದರೆ ಎಡಗಾಲಿನದ್ದು ಮಾತ್ರ,
ಬಲದ್ದು ಹೊಸದರ ಹಾಗೇ ಕರ್ರಗೆ.
ಯಾಕೆ ಅಂತ ಕೇಳಹೊರಟು ಸುಮ್ಮನಾದೆ:
ಬಲಗಾಲು ಬ್ರೇಕಿನ ಮೇಲೆ, ನೆಲಕ್ಕೆ ಇಳಿಯುವುದು ಎಡದ್ದು,
ಪ್ರತಿ ತಿರುವಿಗೆ, ಪ್ರತಿ ಗಿರಾಕಿಗೆ,
ಪೊಲೀಸರು ಕೈ ಅಡ್ಡ ಹಿಡಿದಾಗಲೆಲ್ಲ.

ಗಾಯ ಒಣಗಿತ್ತು, ಬಣ್ಣ ನನ್ನದರ ಕಡೆಗೆ ತಿರುಗುತ್ತಿತ್ತು.
ಒಂದೇ ಕಾಲು ತಾನೆ, ಅರ್ಧ ದುಡ್ಡು ಅಂದ.
ಹೋದ ಸಲದ ಅರ್ಧ? ಅಂದೆ.
ತಲೆ ಕೆರೆದುಕೊಂಡ.
ಎಡ ಶೂ ಬಿಚ್ಚಿ ಒಂಟಿಕಾಲಲ್ಲಿ ನಿಂತ, ಕೊಕ್ಕರೆ.
ಟ್ಯೂಬು ಹುಡುಕುತ್ತಾ ಡಬ್ಬಿಗೆ ಕೈ ಹಾಕಿದೆ.